ಕನ್ನಡಿ ಭಾವ ಮುಚ್ಚಿದ ಗುಳಿ

ನಮ್ಮ ಬೀದಿಯಲ್ಲಿ ನನ್ನ ಅಕ್ಕನ ಗಂಡನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವರು ಕನ್ನಡಿ. ಮರದ ಸಾಮಾನಿಗೆ ಪಾಲಿಶ್ ಮಾಡುವುದು ಅವರ ಕಸುಬು. ಅವರ ಕೈಯಿಂದ ಹೊರಬಂದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ಅವರನ್ನು ರೇಗಿಸಲೆಂದೇ ನಾನು ಬಾಚಿಕೊಂಡಿದ್ದೇನೆ ಕೂಡ. ನನಗೆ ಅವರು ಕನ್ನಡಿ ಭಾವ. ಅವರ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ, ಅದೂ ಸೂರಿನವರೆಗೆ ಮುಟ್ಟಿಲ್ಲ. ಆ ಕಡೆ ಅವರು ಉಪ್ಪುಕಾಗದ ಉಜ್ಜಿದರೆ ಈ ಕಡೆ ನನ್ನ ಬಟ್ಟೆಗೆಲ್ಲ ಮರದ ಧೂಳು. ಈ ಕಡೆ ನಾನು ಹಳೆ ಕೋಟು ಕೊಡವಿದರೆ ಆ ಕಡೆ ಅವರ ಹಸಿ ಪಾಲಿಶಿನ ಮೇಲೆ ನೂಲಿನ ಎಳೆ. ಹೀಗಾಗಿ ಜಗಳ ನಮಗೆ ಊಟದಷ್ಟೇ ಮಾಮೂಲು.

ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನೀವು ನನ್ನ ಮಾತು ನಂಬಲಿಕ್ಕಿಲ್ಲ. ಕುಡಿತವಿಲ್ಲ, ಹಾರಾಟವಿಲ್ಲ, ಅಕ್ಕ ಬಡಿಸಿದ್ದನ್ನು ಉಪ್ಪು ಹೆಚ್ಚು ಕಡಿಮೆ ಎನ್ನದೆ ಉಂಡು ಏಳುವ ಮನುಷ್ಯ. ಅವರಿಗಿರುವುದು ಒಂದೇ ಕಾಯಿಲೆ. ಮರದ ಮೇಲೆ ಗೀರು, ತಗ್ಗು, ಕಲೆ ಏನು ಕಂಡರೂ ಜೀವ ತಡೆಯುವುದಿಲ್ಲ. ಯಾರ ಮನೆಗೆ ಹೋದರೂ ಕುರ್ಚಿಯ ಕೈಯನ್ನು ಹೆಬ್ಬೆರಳಲ್ಲಿ ಸವರುತ್ತಾ ಕೂರುತ್ತಾರೆ. ಮೊದಲ ಸಲ ನಮ್ಮ ಮನೆಗೆ ಬಂದ ದಿನ ಅಕ್ಕನ ಮುಖ ನೋಡಿದ್ದಕ್ಕಿಂತ ನಮ್ಮ ಬೀರುವಿನ ಬಾಗಿಲು ನೋಡಿದ್ದೇ ಹೆಚ್ಚು ಎಂದು ಅಕ್ಕ ಈಗಲೂ ಹಂಗಿಸುತ್ತಾಳೆ. ಅವರ ಅಪ್ಪ ಬಡಗಿ, ಕೈ ಸ್ವಲ್ಪ ಒರಟು. ಗಿರಾಕಿಗಳು ಕುರ್ಚಿ ವಾಪಸು ಹೊತ್ತು ತಂದು, ಇಲ್ಲಿ ಗೀರಿದೆ ಅಲ್ಲಿ ಗಂಟಿದೆ ಎಂದು ಬೀದಿಯಲ್ಲೇ ಕೂಗಾಡುತ್ತಿದ್ದರಂತೆ. ಅಪ್ಪ ತಲೆ ತಗ್ಗಿಸಿ ನಿಂತಿದ್ದನ್ನು ಕಂಡು ಬೆಳೆದವರು ಇವರು. "ನನ್ನ ಕೈಯಿಂದ ಹೋಗೋ ಸಾಮಾನಲ್ಲಿ ಏಟು ಬಿದ್ದಿತ್ತು ಅನ್ನೋದೇ ಗೊತ್ತಾಗಬಾರದು" ಎನ್ನುವುದು ಅವರ ಹಟ.

ಈ ಹಟದಿಂದ ನನಗೂ ಒಂದು ಏಟು ಬಿದ್ದಿದೆ. ನಮ್ಮಮ್ಮನ ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರುತೊಂದಿತ್ತು. ನಾನು ಹುಟ್ಟುವ ದಿನ ನೋವು ಶುರುವಾದಾಗ ಅಮ್ಮ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದಿದ್ದಳಂತೆ. ನಾನು ಊರಲ್ಲಿಲ್ಲದಾಗ ಭಾವ ಅದನ್ನು ಉಜ್ಜಿ ತೆಗೆದು, ಹಲಗೆಯನ್ನು ಫಳಫಳ ಹೊಳೆಯುವಂತೆ ಮಾಡಿ, ಬಹುಮಾನ ಕೊಡುವವರ ಹಾಗೆ ನಗುತ್ತಾ ನಿಂತಿದ್ದರು. ನಾನು ಬಾಯಿಗೆ ಬಂದಂತೆ ಬೈದೆ. ಅವರಿಗೆ ಅರ್ಥವೇ ಆಗಲಿಲ್ಲ. "ಸುಟ್ಟ ಕಲೆ ತೆಗೆದ್ರೆ ಯಾರಾದ್ರೂ ಬೈತಾರೇನಮ್ಮ?" ಎಂದು ಅಕ್ಕನ ಮುಖ ನೋಡಿದರು. ಅಕ್ಕ ನಕ್ಕಳು. ನಾನೂ ಕೊನೆಗೆ ಅದನ್ನು ಹೊಟ್ಟೆಗೆ ಹಾಕಿಕೊಂಡೆ. ಆದರೆ ಎಲ್ಲವನ್ನೂ ಎಲ್ಲರೂ ಹೊಟ್ಟೆಗೆ ಹಾಕಿಕೊಳ್ಳಲು ಆಗುವುದಿಲ್ಲ.

ಪೋಸ್ಟಾಫೀಸಿನ ಕಿಟಕಿಯಲ್ಲಿ ಕೂರುವ, ನಾನು ಅಕ್ಕ ಎಂದೇ ಕರೆಯುವ ಹೆಂಗಸು ನನ್ನ ಹಳೆಯ ಗಿರಾಕಿ. ಒಂದು ಬೆಳಿಗ್ಗೆ ಅವರು ತಮ್ಮಷ್ಟೇ ಎತ್ತರದ ಕಪ್ಪು ಚೀಲವನ್ನು ಮಗುವನ್ನು ತಬ್ಬಿಕೊಂಡಂತೆ ತಬ್ಬಿಕೊಂಡು ಭಾವನ ಅಂಗಡಿಗೆ ಬಂದರು. ಒಳಗಿದ್ದದ್ದು ಅವರ ಗಂಡನ ಬೇಸ್ ಗಿಟಾರ್. ಆತ ಒಂದು ವಾದ್ಯತಂಡದಲ್ಲಿ ನುಡಿಸುತ್ತಿದ್ದವರು. ಬೇರೆ ಗಿಟಾರುಗಳಿಗೆ ಆರು ಸಣ್ಣ ತಂತಿ, ಇದಕ್ಕೆ ನಾಲ್ಕೇ, ಹಗ್ಗದ ಹಾಗೆ ದಪ್ಪ. ಅದಕ್ಕೇ ಅವರಿಗೆ ದಪ್ಪತಂತಿ ಎಂದೇ ಹೆಸರು ಬಿದ್ದಿತ್ತು. ಆಳು ಮಾತ್ರ ಕಡ್ಡಿ. ವೇದಿಕೆಯಲ್ಲಿ ಯಾವಾಗಲೂ ಹಿಂದೆ ನಿಲ್ಲುತ್ತಿದ್ದರು. ಅವರು ನುಡಿಸುವುದು ಯಾರಿಗೂ ಬೇರೆಯಾಗಿ ಕೇಳಿಸುತ್ತಿರಲಿಲ್ಲ, ಆದರೆ ನಿಲ್ಲಿಸಿದರೆ ಹಾಡು ಕುಂಟುತ್ತಿತ್ತು.

ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಕೈಗೆ ಕಸರತ್ತು ಮಾಡಿಸುವ ಡಾಕ್ಟರಮ್ಮ ಒಬ್ಬರ ಹತ್ತಿರ ತಿಂಗಳುಗಟ್ಟಲೆ ಹೋಗಿ, ಮನೆಯಲ್ಲಿ ಈ ಬೇಸನ್ನೇ ತೊಡೆಯ ಮೇಲಿಟ್ಟುಕೊಂಡು ದಿನವೂ ತಿಣುಕಿ, ಅಂತೂ ಕೈಗೆ ಮತ್ತೆ ಚಲನೆ ತಂದುಕೊಂಡಿದ್ದರು. ಬೆರಳ ತುದಿಯಲ್ಲಿ ಸ್ಪರ್ಶ ಇನ್ನೂ ಮಂದ. ಆದರೂ ತಂಡದವರು ಬಂದು ಕೇಳಿ, ಮತ್ತೆ ಬಾ, ನಿನ್ನ ಜಾಗ ಹಾಗೇ ಇದೆ ಎಂದಿದ್ದರು. ವೇದಿಕೆ ಹತ್ತುವ ದಿನವೂ ಗೊತ್ತಾಗಿತ್ತು.

"ಅವರು ಮಗಳ ಮನೆಗೆ ಹೋಗಿದ್ದಾರೆ, ಮೊಮ್ಮಗು ನೋಡೋಕೆ" ಎಂದರು ಪೋಸ್ಟಾಫೀಸಿನ ಅಕ್ಕ. "ಬರೋದ್ರೊಳಗೆ ಇದನ್ನ ಹೊಸದರ ಹಾಗೆ ಮಾಡಿಕೊಡಿ. ಅವರಿಗೆ ಹೇಳಿಲ್ಲ. ನೋಡಿ ಬೆರಗಾಗಬೇಕು."

ಭಾವ ಅದನ್ನು ಹಳೇ ಕಂಬಳಿಯ ಮೇಲೆ ಮಲಗಿಸಿ ನೋಡಿದರು. ಅಯ್ಯೋ ಪಾಪ ಎನ್ನುವ ಸ್ಥಿತಿ. ನಡುವೆ ಜೇನಿನ ಬಣ್ಣ, ಅಂಚಿಗೆ ಬರುತ್ತಾ ಕಪ್ಪು. ಆ ಬಣ್ಣ ಒಡೆದು ಚಕ್ಕೆ ಎದ್ದಿತ್ತು. ಮುಂಗೈ ತಾಗುವ ಕಡೆ ಬರಿಯ ಮರ ಕಾಣುತ್ತಿತ್ತು. ಬೆನ್ನಿಗೆ ಬೆಲ್ಟಿನ ಕೊಂಡಿ ಗೀಚಿದ ಗೆರೆಗಳು, ಮೂಲೆಗಳಲ್ಲಿ ಬಾಗಿಲಿಗೆ ಬಡಿಸಿಕೊಂಡ ತಗ್ಗುಗಳು. ಭಾವನ ಕಣ್ಣು ಅರಳಿತು. ಹಬ್ಬದೂಟದ ಮುಂದೆ ಕೂತವರ ಹಾಗೆ ಅಂಗೈ ಉಜ್ಜಿಕೊಂಡರು. "ಬಿಡಿ, ನಿಮ್ಮ ಯಜಮಾನರಿಗೆ ಇದು ತನ್ನದೇ ಅಂತ ಗುರುತೇ ಸಿಗಬಾರದು, ಹಾಗೆ ಮಾಡ್ತೀನಿ" ಎಂದರು. ಪೋಸ್ಟಾಫೀಸಿನ ಅಕ್ಕ ಖುಷಿಯಾಗಿ ಹೋದರು.

ತಂತಿ, ಬಿರಡೆ, ಕತ್ತು, ತಂತಿಯ ನಡುಕ ಹಿಡಿಯುವ ಪಿಕಪ್ಪು, ಎಲ್ಲವನ್ನೂ ಬಿಚ್ಚಿ ಸ್ಕ್ರೂಗಳ ಸಮೇತ ತೆಗೆದಿಟ್ಟರು. ಹಳೆಯ ಬಣ್ಣವನ್ನು ಬಿಸಿಗಾಳಿಗೆ ಮೆತ್ತಗೆ ಮಾಡಿ, ಹೆರೆದು, ಉಪ್ಪುಕಾಗದದಲ್ಲಿ ಉಜ್ಜಿ ಬರಿಯ ಮರಕ್ಕೆ ಬಂದರು. ಆಮೇಲೆ ನನ್ನ ಅಂಗಡಿಗೆ ಬಂದು, "ನಿನ್ನ ಇಸ್ತ್ರಿ ಪೆಟ್ಟಿಗೆ ಕೊಡಮ್ಮ" ಎಂದರು.

"ಹೋದ ಸಲ ಕೊಟ್ಟಿದ್ದಕ್ಕೆ ಗಿರಾಕಿಯ ಬಿಳಿ ಅಂಗಿ ಮೇಲೆ ಕಂದು ನಾಮ ಬಿತ್ತು. ನೀವು ಬಂದು ಬೈಸಿಕೊಳ್ತೀರಾ?"

"ಒರೆಸಿ ಕೊಡ್ತೀನಿ ಮಹಾರಾಯ್ತಿ. ಬೇಕಾದ್ರೆ ಬಂದು ಕಾವಲು ನಿಂತ್ಕೋ."

ಕಾವಲು ನಿಂತೆ. ಅದಕ್ಕೇ ಈ ಕತೆ ನನಗೆ ಗೊತ್ತು. ತಗ್ಗಿನ ಮೇಲೆ ಒದ್ದೆ ಬಟ್ಟೆ ಹಾಸಿ ಬಿಸಿ ಪೆಟ್ಟಿಗೆ ಒತ್ತಿದರೆ ಹಬೆ ಒಳಗಿಳಿದು, ಏಟಿಗೆ ಒತ್ತಿಹೋದ ಮರ ಉಬ್ಬಿ ಮೇಲೇಳುತ್ತದೆ. ಚುಯ್ ಎನ್ನುವ ಸದ್ದು, ಒದ್ದೆ ಮರದ ವಾಸನೆ. ಒಂದೊಂದೇ ತಗ್ಗು ಎದ್ದು ಸಮವಾಗುತ್ತಾ ಬಂದಾಗ ನನಗೂ ಮಜಾ ಅನ್ನಿಸಿತು. ಒಂದು ಮಾತ್ರ ಏಳಲಿಲ್ಲ. ಅತಿ ದಪ್ಪ ತಂತಿ ಹಾದುಹೋಗುವ ಜಾಗದ ಪಕ್ಕಕ್ಕೆ, ಮೇಲುಬದಿಯಲ್ಲಿ, ಹುಣಸೆ ಬೀಜ ಹಿಡಿಸುವಷ್ಟು ಒಂದು ಗುಳಿ. ಭಾವ ಮತ್ತೆ ಹಬೆ ಕೊಟ್ಟರು. ಮತ್ತೆ ಕೊಟ್ಟರು. ಗುಳಿ ಜಪ್ಪಯ್ಯ ಎನ್ನಲಿಲ್ಲ.

ಭಾವ ಪೆಟ್ಟಿಗೆ ಪಕ್ಕಕ್ಕಿಟ್ಟು ಗುಳಿಯೊಳಗೆ ಬೆರಳಾಡಿಸಿದರು. "ಇದು ಏಟಲ್ಲ" ಎಂದರು. "ಏಟಾಗಿದ್ರೆ ಮರ ಒಳಗೇ ಇರ್ತಿತ್ತು, ಎದ್ದುಬಿಡ್ತಿತ್ತು. ಇಲ್ಲಿ ಮರವೇ ಇಲ್ಲ. ಸವೆದುಹೋಗಿದೆ."

"ಯಾತಕ್ಕೆ ಸವೀತು?"

ಅವರು ಬೇಸಿನ ಬರಿಯ ಮರದ ಮೈಯನ್ನು ಎತ್ತಿ ಹೊಟ್ಟೆಗೆ ಆನಿಸಿಕೊಂಡು, ಬಲಗೈಯ ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟರು. ಹೆಬ್ಬೆರಳು ಸರಿಯಾಗಿ ಕೂತಿತು. ಉಳಿದ ಬೆರಳುಗಳು ತಾವಾಗಿಯೇ ಕೆಳಗೆ ಇಳಿದು, ತಂತಿಗಳು ಇರಬೇಕಾಗಿದ್ದ ಜಾಗದಲ್ಲಿ ನಿಂತವು. ಬೇಸ್ ಹಿಡಿದು ಗೊತ್ತಿಲ್ಲದ ಮನುಷ್ಯನ ಬೆರಳುಗಳು! ಅವರಿಗೆ ಆಗಲೇ ಗೊತ್ತಾಗಿತ್ತು. ನನಗೂ ಅರೆಬರೆ ಗೊತ್ತಾಯಿತು.

"ಬಿಟ್ಟುಬಿಡಿ ಭಾವ, ಅದು ಅವರ ಬೆರಳಿನ ಜಾಗ" ಎಂದೆ. "ಇಲ್ಲಾಂದ್ರೆ ಪೋಸ್ಟಾಫೀಸಿನ ಅಕ್ಕನ್ನ ಒಂದು ಮಾತು ಕೇಳಿ."

"ನೋಡ್ತೀನಿ" ಎಂದರು.

ನೋಡುತ್ತೇನೆ ಎಂದ ಮನುಷ್ಯ ಮಾರನೆಯ ದಿನ ಅದೇ ಜಾತಿಯ ಮರದ ತುಣುಕೊಂದನ್ನು ಹುಡುಕಿ ತಂದು, ಗುಳಿಯನ್ನು ಚೌಕ ಮಾಡಿ, ಎಳೆಗೆ ಎಳೆ ಕೂಡುವ ಹಾಗೆ ತುಣುಕನ್ನು ಕೂರಿಸಿ, ಅಂಟು ಹಾಕಿ, ಬಿಗಿದು, ಸಮ ಮಾಡಿಬಿಟ್ಟಿದ್ದರು. ಬೆಳಕಿಗೆ ಹಿಡಿದರೂ ಗೆರೆ ಕಾಣುತ್ತಿರಲಿಲ್ಲ. "ಇಷ್ಟು ಹೊಳೆಯೋ ಸಾಮಾನಿನ ಎದೆ ಮೇಲೆ ಒಂದು ಗುಂಡಿ ಇಟ್ಟುಕೊಂಡು ನಾನು ಹೇಗಮ್ಮ ಕೊಡ್ಲಿ?" ಎಂದರು. ನಾನು ಹಣೆ ಚಚ್ಚಿಕೊಂಡೆ. ಆದರೆ ಕೈ ತುಂಬ ಕೆಲಸವಿತ್ತು, ನನ್ನ ಮಿಷನ್ನಿಗೆ ಹೋದೆ.

ಆಮೇಲೆ ಬಣ್ಣ. ಜೇನು, ಕಂದು, ಕಪ್ಪು, ಸ್ಪ್ರೇ ಗನ್ನಿನಿಂದ ಮಂಜಿನ ಹಾಗೆ ಹಾರಿಸಿ ಒಂದರೊಳಗೊಂದು ಕರಗಿಸಿದರು. ಅದರ ಮೇಲೆ ಗಾಜಿನ ಹಾಗೆ ಒಣಗುವ ತಿಳಿ ಲ್ಯಾಕರು, ಒಣಗಲು ಬಿಡುವುದು, ನೀರು ಹಚ್ಚಿ ಉಜ್ಜುವುದು, ಮತ್ತೆ ಲ್ಯಾಕರು. ಆ ದಿನಗಳಲ್ಲಿ ನಾನು ಕೋಟು ಕೊಡವಬೇಕಾದರೆ ಬೀದಿಗೆ ಹೋಗಬೇಕಾಗಿತ್ತು. ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ ಗೋಡೆಗೆ ನೇತುಹಾಕಿದಾಗ ದಾರಿಹೋಕರು ನಿಂತು ನೋಡುತ್ತಿದ್ದರು. ಅಷ್ಟು ಚಂದದ ಕೆಲಸವನ್ನು ಭಾವ ಅದಕ್ಕೆ ಮೊದಲು ಮಾಡಿರಲಿಲ್ಲ.

ಪೋಸ್ಟಾಫೀಸಿನ ಅಕ್ಕ ಗಂಡನ ಕೈ ಹಿಡಿದು, ಕಣ್ಣು ಮುಚ್ಚಿಸಿಕೊಂಡೇ ಅಂಗಡಿಯೊಳಗೆ ಕರೆತಂದರು. ದಪ್ಪತಂತಿ ಕಣ್ಣು ಬಿಟ್ಟವರು ಬಾಯಿ ಮುಚ್ಚಲಿಲ್ಲ. "ಇದು ನನ್ನದಾ?" ಎಂದರು. ಭಾವ ನಕ್ಕರು. ದಪ್ಪತಂತಿ ಸ್ಟೂಲಿನ ಮೇಲೆ ಕೂತು ಅದನ್ನು ತೊಡೆಯ ಮೇಲೆ ಎಳೆದುಕೊಂಡರು. ಎಡಗೈ ಕತ್ತು ಹಿಡಿಯಿತು. ಬಲಗೈ ಬಂದು ಮರದ ಮೇಲೆ ಕೂತು, ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಬೆರಳು ಒಂದು ತಂತಿಗೆ ಹೋಗಬೇಕಾದದ್ದು ಇನ್ನೊಂದನ್ನು ಮೀಟಿತು. ನಾನು ಬಾಗಿಲಲ್ಲಿ ನಿಂತು ಭಾವನನ್ನೇ ನೋಡುತ್ತಿದ್ದೆ. ಅವರ ನಗು ಮುಖದಲ್ಲೇ ಉಳಿದಿತ್ತು, ಆದರೆ ಬಣ್ಣ ಇಳಿದಿತ್ತು.

"ಮಗಳ ಮನೇಲಿ ಕೂತು ಉಂಡೆ ನೋಡಿ, ಅಭ್ಯಾಸ ತಪ್ಪಿದೆ" ಎಂದು ದಪ್ಪತಂತಿ ತಾವೇ ನಕ್ಕು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ ಬಂದು ಭಾವನ ಎರಡೂ ಕೈ ಹಿಡಿದು, "ಎಂಥ ಕೈ ರೀ ನಿಮ್ಮದು" ಎಂದರು.

ಅವರು ಹೋದ ಮೇಲೆ ನಾನು ಬಾಯಿ ಬಿಟ್ಟೆ. "ಭಾವ, ಅದು ಅಭ್ಯಾಸ ತಪ್ಪಿದ್ದಲ್ಲ. ನಿಮಗೂ ಗೊತ್ತು."

"ಗೊತ್ತೇನು, ಮಣ್ಣು! ಹೊಸ ಲ್ಯಾಕರು, ಜಾರುತ್ತೆ. ನಾಲ್ಕು ದಿನ ಹೋದ್ರೆ ಸರಿ ಹೋಗುತ್ತೆ" ಎಂದು ನನ್ನ ಮೇಲೇ ಹರಿಹಾಯ್ದರು. ಅಷ್ಟು ಜಗಳಗಳಲ್ಲೂ ಭಾವ ನನ್ನ ಮೇಲೆ ನಿಜವಾಗಿ ದನಿ ಎತ್ತಿದ್ದು ಅದೇ ಮೊದಲು.

ಸರಿ ಹೋಗಲಿಲ್ಲ. ಒಂದು ದಿನ ದಪ್ಪತಂತಿ ಒಬ್ಬರೇ ಬಂದರು, ಬೇಸ್ ಇಲ್ಲದೆ. ಭಾವ ಒಂದು ಮೇಜಿನ ಕಾಲು ಉಜ್ಜುತ್ತಿದ್ದರು. ನಾನು ಗೋಡೆಯ ಈಚೆ ಗುಂಡಿ ಹೊಲಿಯುತ್ತಿದ್ದೆ, ಮಾತೆಲ್ಲ ಕೇಳುತ್ತಿತ್ತು.

"ನಿಮಗೆ ಹೇಳಿ ಹೋಗೋಣ ಅಂತ ಬಂದೆ" ಎಂದರು ಅವರು. "ನೀವು ಅಷ್ಟು ಕಷ್ಟಪಟ್ಟು ಮಾಡಿದ್ರಿ, ಆವತ್ತು ವೇದಿಕೆ ಮೇಲೆ ನೋಡೋಕೆ ಬರ್ತೀನಿ ಅಂದಿದ್ರಿ. ಬರಬೇಡಿ, ನಾನು ನುಡಿಸ್ತಾ ಇಲ್ಲ. ಬೇರೆ ಹುಡುಗನ್ನ ತಗೊಳ್ಳಿ ಅಂದುಬಿಟ್ಟೆ. ನನ್ನ ಕೈ ಸತ್ತುಹೋಗಿದೆ."

ಉಪ್ಪುಕಾಗದದ ಸದ್ದು ನಿಂತಿತು.

"ಮಗಳ ಮನೆಗೆ ಹೋಗೋ ಮುಂಚೆ ಬರ್ತಿತ್ತು. ಈಗ ಬೆರಳಿಗೆ ದಾರಿಯೇ ಗೊತ್ತಾಗ್ತಿಲ್ಲ. ಇನ್ನೊಂದು ಸಲ ಸಣ್ಣಗೆ ಹೊಡೆದಿರಬೇಕು, ನಿದ್ದೇಲಿ. ಹಾಗೂ ಆಗುತ್ತಂತೆ. ಹೆಂಡ್ತಿಗೆ ಹೇಳಿಲ್ಲ, ಹೆದರ್ತಾಳೆ. ನಿಮ್ಮ ಹತ್ರ ಹೇಳ್ಕೋಬೇಕು ಅನ್ನಿಸ್ತು. ಅಂಥ ವಾದ್ಯಕ್ಕೆ ಇಂಥ ಕೈ, ಅಲ್ವಾ?"

ನಾನು ಸೂಜಿ ಹಿಡಿದು ಕಾದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು. ಹೇಳಲು ಎಷ್ಟು ಮಾತು ಬೇಕಾಗಿತ್ತು? ನಿಮ್ಮ ಕೈ ಸತ್ತಿಲ್ಲ, ನಾನು ಅದರ ಜಾಗ ಮುಚ್ಚಿದ್ದೇನೆ. ಅಷ್ಟೇ. ಭಾವ ತುಟಿ ಪಿಟಕ್ಕೆನ್ನಲಿಲ್ಲ. ದಪ್ಪತಂತಿ ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ನಾನು ಎದ್ದು ಹೋಗುವಷ್ಟರಲ್ಲಿ ಅವರು ಬೀದಿ ತಿರುಗಿಯಾಗಿತ್ತು. ಭಾವ ಮೇಜಿನ ಅದೇ ಕಾಲನ್ನು ಉಜ್ಜುತ್ತಿದ್ದರು, ಅದು ಆಗಲೇ ನುಣ್ಣಗಾಗಿತ್ತು.

"ನಿಮ್ಮ ನಾಲಿಗೆಗೂ ಲ್ಯಾಕರು ಹೊಡೆದಿದ್ದೀರಾ?" ಎಂದು ಕೂಗಿದೆ.

"ಹೇಳ್ತೀನಮ್ಮ" ಎಂದರು, ತಲೆ ಎತ್ತದೆ. "ನಾನೇ ಹೋಗಿ ಹೇಳ್ತೀನಿ. ನೀನು ಬಾಯಿ ಹಾಕಬೇಡ."

ನಾನು ನಂಬಿದೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ. ಭಾವ ನಾಳೆ ಎಂದರು, ಭಾನುವಾರ ಎಂದರು, ಈ ಬೀರು ಮುಗಿಯಲಿ ಎಂದರು. ಅಷ್ಟರಲ್ಲಿ ಪೋಸ್ಟಾಫೀಸಿನ ಅಕ್ಕ ಆ ಬೇಸಿನ ಫೋಟೊವನ್ನು ಕಂಡವರಿಗೆಲ್ಲ ತೋರಿಸಿದ್ದರಿಂದ ಊರಿನ ಗಿಟಾರುಗಳೆಲ್ಲ ಭಾವನ ಬಾಗಿಲಿಗೆ ಬರತೊಡಗಿದ್ದವು. ಹೊಗಳಿಕೆ ಕೇಳಿದಾಗಲೆಲ್ಲ ಭಾವ ಸಣ್ಣಗಾಗುತ್ತಿದ್ದರು. ಬಂದ ಗಿಟಾರುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ, ಗೋಡೆಗೆ ಒರಗಿಸಿ ಇಟ್ಟರು. ಊಟದಲ್ಲಿ ಅನ್ನ ಕಲಸಿಕೊಂಡು ಕೂತೇ ಇರುತ್ತಾರೆ ಎಂದು ಹೇಳಿ ನನ್ನ ಅಕ್ಕ ಕೇಳಿದಳು: "ಏನೇ, ನಿನ್ನ ಭಾವನಿಗೆ ಏನಾಗಿದೆ?" ನಾನು ಹೇಳಿಬಿಟ್ಟೆ. ಅಕ್ಕ ಕೂಗಾಡಲಿಲ್ಲ. ಭಾವನ ತಟ್ಟೆಯ ಮುಂದೆ ಕೂತು, "ನಿಮ್ಮಪ್ಪ ತಲೆ ತಗ್ಗಿಸಿಯಾದ್ರೂ ಗಿರಾಕಿ ಎದುರು ನಿಲ್ತಿದ್ರು" ಎಂದಳಂತೆ. ಭಾವ ಎದ್ದು ಕೈ ತೊಳೆದುಕೊಂಡರಂತೆ. ಆದರೂ ಹೋಗಲಿಲ್ಲ. ಹೆದರಿಕೆ ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ನಾನು ಆ ವಾರಗಳಲ್ಲಿ ನೋಡಿದೆ.

ಕೊನೆಗೆ ಬಂದವರು ಪೋಸ್ಟಾಫೀಸಿನ ಅಕ್ಕ. ಕಣ್ಣ ಕೆಳಗೆ ಕಪ್ಪು. "ನಿಮ್ಮ ಹತ್ರ ಗಿಟಾರಿನೋರು ಬರ್ತಾರಲ್ಲ, ಯಾರಿಗಾದ್ರೂ ಬೇಸ್ ಬೇಕಾ ಕೇಳಿ" ಎಂದರು ಭಾವನಿಗೆ. "ಮಾರಿಬಿಡು ಅಂತಾರೆ. ಕಸರತ್ತಿಗೆ ಹೋಗೋದೂ ಬಿಟ್ಟಿದ್ದಾರೆ, ಡಾಕ್ಟರಮ್ಮ ಫೋನ್ ಮಾಡಿ ಬೈದ್ರು. ಸತ್ತ ಕೈಗೆ ಯಾಕೆ ಕಸರತ್ತು ಅಂತಾರೆ. ಬಲಗೈನ ಜೇಬಲ್ಲಿಟ್ಟುಕೊಂಡೇ ಕೂತಿರ್ತಾರೆ."

ಭಾವ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ನಡೀರಿ" ಎಂದರು. "ನಿಮ್ಮ ಮನೆಗೆ ಹೋಗೋಣ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ" ಎಂದರು. ದಾರಿಯಲ್ಲಿ ಓಡಿಹೋಗದಂತೆ ಹಿಡಿದುಕೊಳ್ಳಲು ಕರೆದರು ಎಂದು ಕಾಣುತ್ತದೆ.

ದಪ್ಪತಂತಿ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಬೇಸ್ ಮೂಲೆಯಲ್ಲಿ ಅದರ ಸ್ಟ್ಯಾಂಡಿನ ಮೇಲೆ ಮದುಮಗಳಂತೆ ಹೊಳೆಯುತ್ತಿತ್ತು. ಭಾವ ಕೂರಲಿಲ್ಲ. ನಿಂತೇ ಹೇಳಿದರು. ಗುಳಿ ಇತ್ತು, ಅದು ನಿಮ್ಮ ಹೆಬ್ಬೆರಳಿನಿಂದ ಸವೆದದ್ದು, ನಿಮ್ಮ ಕೈ ಅದನ್ನು ಹಿಡಿದುಕೊಂಡೇ ತಂತಿ ಹುಡುಕುತ್ತಿತ್ತು, ನಾನು ಅದನ್ನು ಮುಚ್ಚಿದೆ. ಒಂದೇ ಉಸಿರಿಗೆ ಹೇಳಿದರು, ನೆಲ ನೋಡುತ್ತಾ.

ದಪ್ಪತಂತಿಗೆ ಮೊದಲು ನಂಬಿಕೆಯೇ ಬರಲಿಲ್ಲ. ನಮ್ಮ ಮನೆಯ ಮೆಟ್ಟಿಲಲ್ಲಿ ಯಾವುದು ಸವೆದಿದೆ ಎಂದು ಕೇಳಿದರೆ ನಮಗೆ ಹೇಳಲು ಬರುತ್ತದೆಯೇ? ಕಾಲಿಗೆ ಮಾತ್ರ ಗೊತ್ತಿರುತ್ತದೆ. ಅವರು ಜೇಬಿನಿಂದ ಬಲಗೈ ತೆಗೆದು ಹೆಬ್ಬೆರಳನ್ನು ನೋಡಿಕೊಂಡರು. ಎದ್ದು ಹೋಗಿ ಬೇಸಿನ ಮೇಲೆ ಅದನ್ನು ಇಟ್ಟು ಮೆಲ್ಲಗೆ ಸವರಿದರು. ಸವರುತ್ತಾ ಸವರುತ್ತಾ ಮುಖ ಬದಲಾಯಿತು.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದರು.

"ಮುಚ್ಚೋಕೆ ಮೊದಲೇ."

"ನಾನು ಅಂಗಡಿಗೆ ಬಂದು ಕೈ ಸತ್ತಿದೆ ಅಂದೆನಲ್ಲ, ಆವತ್ತು?"

"ಆವತ್ತೂ ಗೊತ್ತಿತ್ತು."

ಪೋಸ್ಟಾಫೀಸಿನ ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. "ನಾನೇ ಕೊಟ್ಟೆನಲ್ರೀ, ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆನಲ್ಲ" ಎಂದರು. ದಪ್ಪತಂತಿ ಅವರ ಭುಜ ಮುಟ್ಟಿ, "ನೀನು ನನ್ನ ಖುಷಿಗೆ ಕೊಟ್ಟೆ" ಎಂದರು. ಆಮೇಲೆ ಭಾವನಿಗೆ ಹೇಳಿದರು: "ಗುಳಿ ಮುಚ್ಚಿದ್ದಕ್ಕೆ ನನಗೆ ಬೇಜಾರಿಲ್ಲ. ನಿಮ್ಮ ಕಸುಬೇ ಅದು. ಆದ್ರೆ ನಾನು ನನ್ನ ಕೈನ ನಾನೇ ಹೂತು ಬಂದು ನಿಮ್ಮೆದುರು ಕೂತಿದ್ದೆ. ನೀವು ನೋಡ್ತಾ ಇದ್ರಿ." ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಭಾವನಿಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಬೇಸ್ ಮತ್ತೆ ಅಂಗಡಿಗೆ ಬಂತು, ದಪ್ಪತಂತಿಯೂ ಬಂದರು. ಭಾವ ತಾವೇ ಮಾಡಿದ ಕನ್ನಡಿಯ ಮೇಲೆ ಉಳಿ ಇಟ್ಟರು. ಲ್ಯಾಕರು ಚಕ್ಕೆಯಾಗಿ ಹಾರಿತು, ಕೂರಿಸಿದ್ದ ತುಣುಕಿನ ಅಂಚು ಹೊರಬಂತು. ಸ್ವಲ್ಪ ಕೆತ್ತುವುದು, ದಪ್ಪತಂತಿ ಹೆಬ್ಬೆರಳು ಇಟ್ಟು ನೋಡುವುದು, ಇನ್ನೂ ಈ ಕಡೆ ಎನ್ನುವುದು, ಮತ್ತೆ ಕೆತ್ತುವುದು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಕೂತಿತು. ತೋರುಬೆರಳು ಇಳಿದು ನೇರ ತಂತಿಗೆ ಹೋಯಿತು. ಧಂ ಎಂದಿತು. ನಾನು ಚಪ್ಪಾಳೆ ತಟ್ಟಿದೆ, ಮೂರ್ಖಿ.

ನಡುಬೆರಳು ಬರಲಿಲ್ಲ. ಬೇಸ್ ನುಡಿಸುವುದು ಎರಡು ಬೆರಳ ನಡಿಗೆ, ಒಂದಾದ ಮೇಲೆ ಒಂದು. ದಪ್ಪತಂತಿ ಮತ್ತೆ ಮತ್ತೆ ಪ್ರಯತ್ನಿಸಿದರು. ಅದು ಅರ್ಧಕ್ಕೆ ಬಾಗಿ ನಿಂತುಬಿಡುತ್ತಿತ್ತು. ಅವರು ಮತ್ತೆ ಡಾಕ್ಟರಮ್ಮನ ಹತ್ತಿರ ಹೋದರು. ಎರಡನೇ ಸಲ ಲಕ್ವ ಹೊಡೆದೇ ಇಲ್ಲ ಎಂದು ಆಕೆ ಪರೀಕ್ಷೆ ಮಾಡಿಸಿ ಹೇಳಿದರು. ಆದರೆ ಕೈ ತಿರುಗಿ ಬರುತ್ತಿದ್ದ ಹೊತ್ತಿನಲ್ಲಿ ಅದನ್ನು ಜೇಬಿನಲ್ಲಿಟ್ಟು ಕೂತದ್ದು ತಪ್ಪಾಯಿತು, ಆ ಬೆರಳು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ಈ ಸುದ್ದಿಯನ್ನು ದಪ್ಪತಂತಿ ತಾವೇ ಅಂಗಡಿಗೆ ಬಂದು ಹೇಳಿದರು. ಭಾವ ಎರಡೂ ಕೈ ಜೋಡಿಸಿದರು. "ತಪ್ಪಾಯ್ತು ಅನ್ನೋಕೂ ನನಗೆ ಮುಖ ಇಲ್ಲ" ಎಂದರು.

"ಅನ್ನಬೇಡಿ" ಎಂದರು ದಪ್ಪತಂತಿ. "ಭಾನುವಾರ ಬೆಳಿಗ್ಗೆ ಅಭ್ಯಾಸ ಮಾಡ್ತೀನಿ. ಬಂದು ಕೂತು ಕೇಳಿ."

ಭಾವ ಪ್ರತಿ ಭಾನುವಾರ ಹೋಗುತ್ತಾರೆ. ನನ್ನ ಅಕ್ಕ ಬೇಡ ಎಂದರೂ ಬಿಡುವುದಿಲ್ಲ. ಅಲ್ಲಿ ಏನಾಗುತ್ತದೆ ಎಂದು ಕೇಳಿದರೆ ಹೇಳುವುದೂ ಇಲ್ಲ. ಒಮ್ಮೆ ನಾನೇ ಜೊತೆಗೆ ಹೋದೆ. ದಪ್ಪತಂತಿ ಒಂದೇ ಬೆರಳಿನಲ್ಲಿ ನುಡಿಸಿದರು. ನಿಧಾನದ ಕಡೆ ಚೆನ್ನಾಗಿಯೇ ಬರುತ್ತಿತ್ತು. ಓಟ ಬಂದಾಗ ಎರಡನೇ ಬೆರಳು ಬೀಳಬೇಕಾದಲ್ಲೆಲ್ಲ ಏನೂ ಕೇಳಿಸುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ, ಇಡೀ ಹಾಡನ್ನು ಹಾಗೇ ಮುಗಿಸಿದರು. ಭಾವ ಮಂಡಿಯ ಮೇಲೆ ಕೈಯಿಟ್ಟು ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತಿದ್ದರು.

ನನಗೆ ಸುಮ್ಮನಿರಲಾಗಲಿಲ್ಲ. "ಚೆನ್ನಾಗಿತ್ತು" ಎಂದೆ.

"ಇಲ್ಲಮ್ಮ" ಎಂದು ದಪ್ಪತಂತಿ ನನಗೆ ಮೃದುವಾಗಿ ಹೇಳಿ, ಭಾವನ ಕಡೆ ತಿರುಗಿದರು. "ನೀವು ಹೇಳಿ. ಎಲ್ಲೆಲ್ಲಿ ಬಿಟ್ಟುಹೋಯ್ತು?"

ಭಾವ ಹಾಡಿನ ಮೊದಲ ಸಾಲಿನಿಂದ ಶುರುಮಾಡಿ, ಬಿಟ್ಟುಹೋದ ಜಾಗಗಳನ್ನೆಲ್ಲ, ಒಂದನ್ನೂ ಬಿಡದೆ, ಅವರ ಮುಖ ನೋಡಿಕೊಂಡೇ ಹೇಳುತ್ತಾ ಹೋದರು.